ಗಾಳಿಗೇನು ರೊಕ್ಕ?

ಹಳ್ಳಿಯಲ್ಲಿ ನಾವು ಕೊಂಡುತಂದ ಸಾಮಾನು ಎಷ್ಟರ ಮಟ್ಟಿಗೆ ನಮ್ಮದಾಗಿ ಉಳಿಯುತ್ತದೆ ಎನ್ನುವುದಕ್ಕೆ ಬರೆಯದ ಲೆಕ್ಕವೊಂದಿದೆ. ಹಾರಿ, ಸಲಿಕೆ ಅರ್ಧ ನಮ್ಮವು. ಏಣಿ ಕಾಲುಭಾಗ. ಕಡ ಕೊಟ್ಟ ಹಾಲಿನ ಕ್ಯಾನು ನಮ್ಮದಲ್ಲವೇ ಅಲ್ಲ. ಏರ್ ಕಂಪ್ರೆಸರ್ ಯಾವ ಪಾಲಿಗೆ ಬರುತ್ತದೆ ಎನ್ನುವುದು, ಅದು ಬಮ್ಮಿಗಟ್ಟಿಯ ನಮ್ಮ ಹಿತ್ತಲಿಗೆ ಬಂದಿಳಿಯುವ ತನಕ ಯಾರಿಗೂ ಗೊತ್ತಿರಲಿಲ್ಲ.

ತಂದವನು ತಮ್ಮನ ಮಗ. ಹಿತ್ತಲ ತಗಡಿನ ಶೆಡ್ಡಿನಲ್ಲಿ ಬಾಗಿಲು, ಕಿಟಕಿ, ದಿವಾನ ಮಾಡುತ್ತಾನೆ. ಬ್ರಶ್ಶಿನ ಗೆರೆ ಕಂಡರೆ ಗಿರಾಕಿ ಒಪ್ಪುವುದಿಲ್ಲವೆಂದು, ಗಾಳಿಯಿಂದ ಬಣ್ಣ ಹೊಡೆಯಲು ಹುಬ್ಬಳ್ಳಿಯಿಂದ ಎರಡು ಎಚ್‌ಪಿ ಕಂಪ್ರೆಸರನ್ನು ಟಂಟಂನಲ್ಲಿ ಹೇರಿಕೊಂಡು ಬಂದ. ಊರಿನ ಬಡಿಗತನದ ಮಾನ ಹೋಯಿತೆಂದು ನಮ್ಮ ಕಾಕಾ ಅವತ್ತು ಊಟಕ್ಕೂ ಕೂಡಲಿಲ್ಲ. ಅವರ ಕಣ್ಣಿಗೆ ಬಣ್ಣವೆಂದರೆ ಕಲಘಟಗಿ ತೊಟ್ಟಿಲಿನದು. ಅರಗಿನಲ್ಲಿ ಕಲೆಸಿ, ಕೈಯಲ್ಲೇ ಬಳಿದು, ರಾಮಾಯಣ, ಕೃಷ್ಣಲೀಲೆ ಬರೆಯುವ ಬಣ್ಣ. ನಟ ಅಂಬರೀಶ್ ಅವರು ಯಶ್ ಮನೆಯ ಕೂಸಿಗೆಂದು ಹೇಳಿ ಮಾಡಿಸಿದ್ದ ತೊಟ್ಟಿಲೂ ಕಲಘಟಗಿಯದೇ. 2018ರ ನವೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಅದು ಆ ಮನೆ ಸೇರಿತು. "ಅದಕ್ಕ ಗಾಳಿ ಹೊಡದಿದ್ರನು?" ಎಂದು ಕಾಕಾ ಕೇಳಿದರು. ಹುಡುಗ ಉತ್ತರ ಕೊಡಲಿಲ್ಲ. ಅವನ ಗಿರಾಕಿಗಳು ತೊಟ್ಟಿಲು ಕೇಳುವವರಲ್ಲ, ಪ್ಲೈವುಡ್ ಕಪಾಟು ಕೇಳುವವರು.

ಮಷೀನನ್ನು ಎಲ್ಲಿ ಕೂಡಿಸಬೇಕೆಂಬುದಕ್ಕೆ ಪಂಚಾಯ್ತಿಯೇ ಆಯಿತು. ಗಿರಣಿ ಮೋಟಾರಿನ ಹಾಗೆ ಸಿಮೆಂಟಿನೊಳಗೆ ಹುಗಿದು ಬೋಲ್ಟು ಬಿಗಿಯಿರಿ ಎಂದರು ಒಬ್ಬರು. ಹಾಗೆ ಮಾಡಬಾರದು. ಏರುತಗ್ಗಿನ ನೆಲಕ್ಕೆ ಬಿಗಿದರೆ ನಡುಕವೆಲ್ಲ ಟಾಕಿಯ ಕಾಲಿಗೆ ಬಿದ್ದು ವೆಲ್ಡಿಂಗ್ ಬಿರಿಯುತ್ತದೆ. ಕೆಳಗೆ ರಬ್ಬರ್ ಕೊಟ್ಟು ಸಮತಟ್ಟಾಗಿ ಕೂಡಿಸಿದರೆ ಸಾಕು. ಜಾಗ ಉಳಿಯಲೆಂದು ಗೋಡೆಗೆ ಒತ್ತಿ ಇಡಿ ಎಂದರು ಇನ್ನೊಬ್ಬರು. ಅದೂ ತಪ್ಪು. ದೊಡ್ಡ ಗಾಲಿಯ ಕಡ್ಡಿಗಳು ಓರೆಯಾಗಿರುವುದು ಚೆಂದಕ್ಕಲ್ಲ. ಫ್ಯಾನಿನ ಕೆಲಸ ಮಾಡಿ ಕಾದ ಸಿಲಿಂಡರನ್ನು ತಣಿಸುವುದಕ್ಕೆ. ಅದಕ್ಕೆ ಗೋಡೆಯಿಂದ ಒಂದು ಮೊಳವಾದರೂ ದೂರ ಬೇಕು. ಕೊನೆಯ ತೀರ್ಪು ಕೊಟ್ಟದ್ದು ಎಮ್ಮೆ. ಮೊದಲ ಸಂಜೆ ಮಷೀನು ಧಡಧಡ ಎಂದದ್ದೇ ಅದು ಸೊರೆ ಬಿಡಲಿಲ್ಲ. ಕಂಪ್ರೆಸರು ಶೆಡ್ಡಿನ ಆ ತುದಿಗೆ ಹೋಯಿತು.

ಕರೆಂಟಿನದು ಬೇರೆ ಪುರಾಣ. ತ್ರೀಫೇಜ್ ಪಂಪ್‌ಸೆಟ್ಟಿನವರ ಭಾಗ್ಯ, ಅದೂ ಹೊತ್ತು ನೋಡಿ ಬರುವಂಥದ್ದು. ಮನೆಗೆ ಸಿಂಗಲ್ ಫೇಜ್. ಎರಡು ಎಚ್‌ಪಿ ಎಂದರೆ ಒಂದೂವರೆ ಕಿಲೋವಾಟ್, ಆದರೆ ಹೊರಡುವ ಗಳಿಗೆಯಲ್ಲಿ ಮೋಟಾರು ಅದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಂಜೆ ವೋಲ್ಟೇಜ್ ಇಳಿದಾಗ ಬರೀ ಗುಂಯ್ ಎನ್ನುತ್ತದೆ, ಎತ್ತಿಕೊಳ್ಳುವುದಿಲ್ಲ. ಹಾಗೆಯೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಅದಕ್ಕೆಂದೇ ಬೋರ್ಡಿನಿಂದ ಬೇರೆ ದಪ್ಪ ವಾಯರು, ಬೇರೆ ಎಂಸಿಬಿ, ಅರ್ಥಿಂಗ್ ಎಲ್ಲ ಆಯಿತು. ಆದರೂ ಅದು ಚಾಲೂ ಆದಾಗ ಪಡಸಾಲೆಯ ಬಲ್ಬು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತದೆ. ಸೀರಿಯಲ್ ಹೊತ್ತಿನಲ್ಲಿ ಸ್ವಿಚ್ ಮುಟ್ಟಕೂಡದೆಂದು ಕಾಕಿಯ ಕಟ್ಟಪ್ಪಣೆ.

ಈ ಯಂತ್ರದ ಒಳ್ಳೆಯ ಗುಣವೇ ನಮಗೆ ಮುಳುವಾದದ್ದು. ನೂರು ಲೀಟರಿನ ಟಾಕಿಯಲ್ಲಿ 8 ಕೆ.ಜಿ. ಪ್ರೆಶರಿಗೆ ಹೊರಗಿನ ಎಂಟುನೂರು ಲೀಟರ್ ಗಾಳಿ ಹೆಚ್ಚಿಗೆ ತುರುಕಿ ಕೂತಿರುತ್ತದೆ. ಕರೆಂಟು ಹೋದರೂ ಅದು ಹೋಗುವುದಿಲ್ಲ. ಹೀಗಾಗಿ ಲೈಟು ಹೋದ ಕೂಡಲೇ ಊರಿನ ಬಸಿದ ಟೈರುಗಳೆಲ್ಲ ನಮ್ಮ ಹಿತ್ತಲಿಗೆ. ಸೈಕಲ್ಲು, ಬೈಕು, ಟೈರಿನ ಚಕ್ಕಡಿ, ಟ್ರ್ಯಾಲಿ, ಶಾಲೆಯ ವಾಲಿಬಾಲ್. ಎಲ್ಲರದೂ ಒಂದೇ ಮಾತು: "ಇನ್ನೊಂದೀಟು ಹೊಡಿಯೋ ತಮ್ಮಾ, ಗಟ್ಟಿ ಆಗ್ಲಿ." ಬೈಕಿಗೆ ಮೂವತ್ತು ಪಿಎಸ್‌ಐ ಆಸುಪಾಸು ಸಾಕು, ಹೊಲದಲ್ಲಿ ಓಡುವ ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಹದಿನೈದೂ ಹೆಚ್ಚೇ ಎಂದರೆ ಯಾರು ನಂಬುತ್ತಾರೆ?

ಕಟ್ಟೆಯ ಮೇಲಿನ ನಿವೃತ್ತ ಮಾಸ್ತರರು ಇದಕ್ಕೆಲ್ಲ ಬೆಳಗಾವಿಯೇ ಮೂಲ ಎನ್ನುತ್ತಾರೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದದ್ದು 1888ರಲ್ಲಿ. ಬೆಲ್‌ಫಾಸ್ಟಿನ ದನದ ಡಾಕ್ಟರ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದೂ ಅದೇ ವರ್ಷ. ಮುಂದೆ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಗುಲಿದರೆ ಭೂಮಿ ವಿಷವಾಗುತ್ತದೆಂದು ರೈತರು ಹಿಂಜರಿದರಂತೆ. 1958ರ ಹೊತ್ತಿಗೆ ಆ ಮನೆತನದ್ದೇ ಕಂಪ್ರೆಸರ್ ಕಂಪನಿ ಪುಣೆಯಲ್ಲಿ ಎದ್ದಿತ್ತು. ನಮ್ಮ ಟಾಕಿಯ ಮೇಲಿನ ಹೆಸರು ಬೇರೆ ಎಂದರೆ ಮಾಸ್ತರರು ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಕಾಕಾ ಈಗ ದಿನಾ ಶೆಡ್ಡಿನ ಮುಂದೆ ಕುರ್ಚಿ ಹಾಕಿ ಗಾಳಿಯ ಉಸ್ತುವಾರಿ ನೋಡುತ್ತಾರೆ. ಹುಡುಗ ಒಮ್ಮೆ ಬೈಕಿಗೆ ಹತ್ತು ರೂಪಾಯಿ ಎಂದು ಹಲಗೆ ಬರೆದು ತೂಗಿಹಾಕಿದ್ದ. "ಗಾಳಿಗೇನು ರೊಕ್ಕ? ದೇವರು ಕೊಟ್ಟದ್ದು" ಎಂದು ಕಾಕಾ ಇಳಿಸಿಬಿಟ್ಟರು. "ಗಾಳಿ ದೇವರದು, ಬಿಲ್ಲು ಹೆಸ್ಕಾಂದು, ಅಜ್ಜಾ" ಎಂದ ಅವನು. ಇಬ್ಬರದೂ ಖರೆ. ಹಲಗೆ ಮತ್ತೆ ಏರಲಿಲ್ಲ. ಬದಲಿಗೆ ಸೌತೆಕಾಯಿ, ಗೋವಿನಜೋಳದ ತೆನೆ, ಒಮ್ಮೊಮ್ಮೆ ತಂಬಿಗೆ ಮಜ್ಜಿಗೆ ಬರುತ್ತವೆ.

ಕಾಕಾ ಕಟ್ಟುನಿಟ್ಟಾಗಿರುವುದು ಹುಡುಗರ ವಿಷಯದಲ್ಲಿ. ಗಾಳಿಯ ಪೈಪು ಮೈಗೆ ಹಿಡಿದರೆ ಬೆತ್ತವೇ. ಅದು ಅತಿಯಲ್ಲ. ತಮಾಷೆಗೆಂದು ಹಿಡಿದ ಗಾಳಿ ಕರುಳು ಸೇರಿ ಯುವಕನೊಬ್ಬ ಸತ್ತ ಸುದ್ದಿ 2024ರಲ್ಲಿ ಬೆಂಗಳೂರಿನಿಂದಲೇ ಬಂದಿತ್ತು.

ನೀವೂ ಮನೆಗೊಂದು ಕೂಡಿಸುವವರಿದ್ದರೆ, ಟಾಕಿಯ ಬುಡದ ನಲ್ಲಿ ತಿರುವಿ ದಿನಾ ನೀರು ಬಿಡಿ. ನಮ್ಮಂಥ ಮಲೆನಾಡ ಸೆರಗಿನಲ್ಲಿ ಮಳೆಗಾಲದ ಗಾಳಿಯನ್ನು ಅಮುಕಿದರೆ ಬರುವುದು ನೀರೇ. ಬಿಡದಿದ್ದರೆ ಒಳಗೆ ತುಕ್ಕು, ಬಣ್ಣದಲ್ಲಿ ಗುಳ್ಳೆ. ಕೂಡಿಸದವರು ನಮ್ಮಲ್ಲಿಗೇ ಬನ್ನಿ, ರೊಕ್ಕ ಬೇಡ. ಸೀರಿಯಲ್ ಹೊತ್ತು ತಪ್ಪಿಸಿ ಬನ್ನಿ, ಮತ್ತು ವಾಲ್ವಿನ ಟೋಪಿ ನೀವೇ ತನ್ನಿ.