ಮಿಸ್ಸಿಯೂ ಮಿಕ್ಸಿಯೂ

ನಾನು ಮಿಸ್ಸಿ ಎಲಿಯಟ್ ಹಾಡು ಹಚ್ಚಿದರೆ ನಮ್ಮ ಮನೆಯವಳು ಮಿಕ್ಸಿ ಹಚ್ಚುತ್ತಾಳೆ. ತಾಳಕ್ಕೇನೂ ಲೋಪವಿಲ್ಲ ಅನ್ನಿ.

1997ರಲ್ಲಿ ಕಸದ ಚೀಲಕ್ಕೆ ಗಾಳಿ ತುಂಬಿದಂಥ ಕರಿ ಉಡುಪು ತೊಟ್ಟು ಕುಣಿದ ವರ್ಜೀನಿಯಾದ ರ‍್ಯಾಪ್ ಮಹಾತಾಯಿ ಈ ಮಿಸ್ಸಿ. 2001ರ ‘ಗೆಟ್ ಯುವರ್ ಫ್ರೀಕ್ ಆನ್’ನಲ್ಲಿ ಪಂಜಾಬಿನ ಒಂಟಿತಂತಿ ವಾದ್ಯ ತುಂಬಿ ಮಿಡಿಯುತ್ತದೆ, ತಬಲಾ ನುಡಿಯುತ್ತದೆ. ಅಪ್ಪ ಕೇಳಿ, “ಇದ್ಯಾವ ಭಜನೆಯೋ?” ಅಂದಿದ್ದರು. ಪುಣ್ಯಕ್ಕೆ ಸಾಹಿತ್ಯ ತಿಳಿಯಲಿಲ್ಲ.

ನಿಜವಾದ ಫಜೀತಿ 2002ರ ‘ವರ್ಕ್ ಇಟ್’ನದು. ಹೇಳಬಾರದ ಪದ ಬಂದಲ್ಲಿ ಆನೆ ಘೀಳಿಡುತ್ತದೆ. ಪಲ್ಲವಿಯ ಒಂದು ಸಾಲಂತೂ ಪೂರ್ತಿ ಉಲ್ಟಾ! ಆ ಉಲ್ಟಾ ಸಾಲನ್ನು ಬಚ್ಚಲಮನೆಯಲ್ಲಿ ವಾರವಿಡೀ ಅಭ್ಯಾಸ ಮಾಡಿದೆ. ಎಂಟನೇ ದಿನ ಹೊರಗೆ ಬಂದರೆ ಅತ್ತೆಯವರು ನಿಂಬೆಹಣ್ಣು ಹಿಡಿದು ದೃಷ್ಟಿ ತೆಗೆಯಲು ನಿಂತಿದ್ದರು.