ಟೈಮ್‌ಪಾಸಿಗೊಂದು ವಕಾಲತ್ತು

ಮಹಾರಾಷ್ಟ್ರದ ಗಡಿಭಾಗದ ಮಂದ್ರೂಪದ ಚಹಾದಂಗಡಿ ಬೆಂಚಿನ ಮೇಲೆ ಕೂತವನಿಗೆ ಬೀಳುವ ಮೊದಲ ಪ್ರಶ್ನೆ, ‘ಯಾಕಪಾ, ಕೆಲಸ ಇಲ್ಲೇನು?’ ಕೆಲಸವಿದ್ದವರಿಗೆ ಇದನ್ನು ಕೇಳುವ ಪುರಸೊತ್ತು ಇರುವುದಿಲ್ಲ. ಕೇಳುವವರೂ ಎದುರು ಬೆಂಚಿನವರೇ. ಆದರೂ ಹರಟೆ, ನಗೆನಾಟಕ, ಹಗುರ ಕಾದಂಬರಿ ಈ ಮೂರನ್ನೂ ಹೊತ್ತುಗೇಡಿತನದ ಖಾತೆಗೆ ಬರೆದುಬಿಡುವುದು ನಮ್ಮ ರೂಢಿ. ಆ ಖಾತೆಯನ್ನೇ ತಿದ್ದಬೇಕೆಂಬುದು ನನ್ನ ತಕರಾರು. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಈ ರಸ್ತೆಯ ಊರುಗಳಲ್ಲಿ, ಅತ್ತ ಅಕ್ಕಲಕೋಟದಲ್ಲೂ, ಕನ್ನಡವನ್ನು ಕಾಯ್ದುಕೊಂಡು ಬಂದದ್ದರಲ್ಲಿ ಇಂಥ ಹಾಳು ಹೊತ್ತಿನ ಪಾಲು ದೊಡ್ಡದು. ಗಡಿ ತಂಟೆ ಬಗೆಹರಿಸಲು ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಅಕ್ಕಲಕೋಟ ತಾಲೂಕು, ದಕ್ಷಿಣ ಸೊಲ್ಲಾಪುರದ ಹಳ್ಳಿಗಳು ಕರ್ನಾಟಕಕ್ಕೆ ಸೇರಲಿ ಎಂದಿತು. ಸೇರಲಿಲ್ಲ. ವರದಿ ಕಪಾಟಿನಲ್ಲಿ ಉಳಿಯಿತು, ಕನ್ನಡ ಬೆಂಚಿನ ಮೇಲೆ ಉಳಿಯಿತು. ಹೊಲದ ಪಹಣಿ, ಅಂದರೆ ಸಾತಬಾರಾ ಉತಾರ, ಬರುವುದು ಮರಾಠಿಯಲ್ಲಿ. ಅದರಲ್ಲಿ ತಮ್ಮನ ಪಾಲಿನ ಅರ್ಧ ಎಕರೆ ಹೇಗೆ ಕರಗಿತೆಂಬ ಕತೆ ಬರುವುದು ಕನ್ನಡದಲ್ಲಿ, ಅದೂ ಎರಡನೆಯ ಕಪ್ ಚಹಾ ಆದಮೇಲೆ. ಕರ್ತವ್ಯಕ್ಕೆಂದು ಆಡುವ ಭಾಷೆ ಸಭೆ ಮುಗಿಯುತ್ತಲೇ ಮನೆಗೆ ಹೋಗುತ್ತದೆ. ಮಜಾಕ್ಕೆಂದು ಆಡುವ ಭಾಷೆ ಮರುದಿನ ಕರೆಯದೆಯೂ ಬರುತ್ತದೆ.

ನಗೆಯೆಂದರೆ ಅಗ್ಗದ ಮಾಲು ಎನ್ನುವ ಪಂಡಿತರಿಗೆ ಅವರ ಗ್ರಂಥದಲ್ಲೇ ಉತ್ತರವಿದೆ. ಭರತ ಹಾಸ್ಯವನ್ನು ಎಂಟು ರಸಗಳ ಪಂಕ್ತಿಯಲ್ಲೇ ಕೂರಿಸಿದ, ಹಿತ್ತಲಿಗೆ ಕಳಿಸಿ ಬಡಿಸಲಿಲ್ಲ. ಅವನ ನಾಟ್ಯಶಾಸ್ತ್ರವನ್ನು ಕನ್ನಡಕ್ಕೆ ತಂದ ಶ್ರೀರಂಗರು 1904ರಲ್ಲಿ ಹುಟ್ಟಿದ್ದು ಭೀಮಾ ನದಿಯ ಆಚೆ, ಇಂಡಿ ತಾಲೂಕಿನ ಅಗರಖೇಡದಲ್ಲಿ. ಅಷ್ಟು ಶಾಸ್ತ್ರ ಓದಿಯೂ ನಾಟಕದಲ್ಲಿ ಸಮಾಜವನ್ನು ಚುಚ್ಚುವ ಚಟ ಅವರನ್ನು ಬಿಡಲಿಲ್ಲ. ಇನ್ನೂ ಹಿಂದೆ, ಏಳನೆಯ ಶತಮಾನದಲ್ಲಿ, ಪಲ್ಲವ ದೊರೆ ಮಹೇಂದ್ರವರ್ಮ ‘ಮತ್ತವಿಲಾಸ’ವೆಂಬ ಪ್ರಹಸನ ಬರೆದ. ಅದರಲ್ಲಿ ಕುಡುಕ ಕಾಪಾಲಿಕನೊಬ್ಬ ಹೆಂಡದಂಗಡಿಗೂ ಯಜ್ಞಶಾಲೆಗೂ ಏನೇನೂ ವ್ಯತ್ಯಾಸವಿಲ್ಲವೆಂದು ಸಾಮಾನು ಸಾಮಾನಿಗೆ ಹೊಂದಿಸಿ ತೋರಿಸುತ್ತಾನೆ. ಪಲ್ಲವರ ಒಡೆಯನನ್ನು ಇಮ್ಮಡಿ ಪುಲಕೇಶಿ ಕಂಚಿಯ ಕೋಟೆಗೋಡೆಯ ಹಿಂದಕ್ಕೆ ಅಟ್ಟಿದನೆಂದು 634ರ ಐಹೊಳೆ ಶಾಸನ ಬೀಗುತ್ತದೆ. ಪುಲಕೇಶಿಯ ಗೆಲುವನ್ನು ಇವತ್ತು ಓದುವವರು ಹೆಚ್ಚಾಗಿ ಪರೀಕ್ಷೆಗೆ ಕೂತವರು. ಸೋತವನ ನಾಟಕಕ್ಕೆ ಜನ ಪರೀಕ್ಷೆಯ ಭಯವಿಲ್ಲದೆ ನಗುತ್ತಾರೆ.

ಸೊಲ್ಲಾಪುರದ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಲಾವಣಿಕಾರ ರಾಮ ಜೋಶಿ ಇದೇ ಊರಿನವನು. ವೈದಿಕ ಮನೆತನದ ಹುಡುಗ ತಮಾಶಾದವರ ಬೆನ್ನು ಹತ್ತಿದ್ದಕ್ಕೆ ಮನೆಯವರು ತಲೆ ಚಚ್ಚಿಕೊಂಡಿರಬೇಕು. ಈಗ ಆ ಮನೆತನ ನೆನಪಾಗುವುದೇ ಅವನ ದೆಸೆಯಿಂದ. ಆಟದ ಮಜಾ ಗಡಿಯನ್ನೂ ದಾಟಿತು: ಸಾಂಗಲಿಗೆ ಬಂದ ಕರ್ನಾಟಕದ ಆಟದ ಮೇಳ ಕಂಡು ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾಸ್ವಯಂವರ’ ಆಡಿಸಿದ, ಮರಾಠಿ ರಂಗಭೂಮಿ ಅಲ್ಲಿಂದ ಎದ್ದಿತು. ಮುಂದೆ ಮರಾಠಿ ಸಂಗೀತ ನಾಟಕ ಕಂಡು ನಮ್ಮ ನಾಟಕ ಕಂಪನಿಗಳು ಕಲಿತವು. ಈ ಕೊಡು-ಕೊಳ್ಳುವಿಕೆಯ ಬಾಕಿ ವಸೂಲಿಗೆ ಯಾರೂ ಆಯೋಗ ನೇಮಿಸಿಲ್ಲ, ಸದ್ಯ ಬಚಾವು. ಸೊಲ್ಲಾಪುರಕ್ಕೇ ಮರಳಿದರೆ, 1931ರ ಜನವರಿ 12ರಂದು ಬ್ರಿಟಿಷರ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಇವರ ನೆನಪಿಗೆ ಇಲ್ಲಿರುವ ಹುತಾತ್ಮ ಸ್ಮೃತಿ ಮಂದಿರ ಒಂದು ನಾಟಕಗೃಹ. ಹುತಾತ್ಮರ ಹೆಸರಿನಡಿ ನಗುವುದೇ ಎಂದು ಹುಬ್ಬು ಗಂಟಿಕ್ಕುವವರಿದ್ದಾರು. ಜನ ಅಂಜದೆ ನಗಲಿ ಎಂದಲ್ಲವೇ ಅವರು ಪ್ರಾಣ ಕೊಟ್ಟದ್ದು?

ಪತ್ತೇದಾರಿ ಕಾದಂಬರಿ ಓದಿದರೆ ರುಚಿ ಕೆಡುತ್ತದೆಂಬುದು ಇನ್ನೊಂದು ಆಕ್ಷೇಪ. ಎನ್. ನರಸಿಂಹಯ್ಯ ಕನ್ನಡದಲ್ಲಿ ಐನೂರರಷ್ಟು ಬರೆದರು, ಬಾಬುರಾವ್ ಅರ್ನಾಳಕರ ಮರಾಠಿಯಲ್ಲಿ ಸಾವಿರ ದಾಟಿಸಿದರು. ಅಷ್ಟು ಹೆಣ ಬಿದ್ದರೂ ಸಾಹಿತ್ಯಕ್ಕೆ ಏನೂ ಆಗಲಿಲ್ಲ. ಮರಾಠಿ ಶಾಲೆ ಕಲಿತು ಮನೆಯಲ್ಲಿ ಕನ್ನಡ ಮಾತಾಡುವ ಹುಡುಗನಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಒಂದು ನೆಪ ಬೇಕು. ‘ನಾಡು ನುಡಿಯ ಅಭಿಮಾನ’ ಎಂಬ ನೆಪ ಎರಡು ಪುಟ ಓದಿಸೀತು. ‘ಕೊಲೆ ಮಾಡಿದವರ‍್ಯಾರು’ ಎಂಬುದು ಕೊನೆಯ ಪುಟದ ತನಕ ಎಳೆದೊಯ್ಯುತ್ತದೆ. ಕನ್ನಡವೆಂದರೆ ಮೂಗು ಮುರಿಯುತ್ತಿದ್ದ ಹಾಸ್ಯಲೇಖಕ ಬೀಚಿ, ಅನಕೃ ಅವರ ಜನಪ್ರಿಯ ಕಾದಂಬರಿ ‘ಸಂಧ್ಯಾರಾಗ’ ಓದಿ ಕನ್ನಡದ ಕಡೆ ವಾಲಿದರೆಂದು ಹೇಳುವುದುಂಟು. ಯಾವುದೋ ವ್ಯಾಕರಣ ಓದಿ ಹಾಗಾಯಿತೆಂದು ಯಾರೂ ಹೇಳಿಲ್ಲ.

ಕಂಪನಿ ನಾಟಕದ ದ್ವಂದ್ವಾರ್ಥದ ದೂರನ್ನು ಅಲ್ಲಗಳೆಯಲಾರೆ. ಕೆಲವು ಮಾತಿಗೆ ಮಾವನ ಪಕ್ಕ ಕೂತ ಅಳಿಯ ಮಂಟಪದ ಕಂಬ ಎಣಿಸಬೇಕಾಗುತ್ತದೆ. ಆದರೆ ಕೆಟ್ಟ ಹಾಸ್ಯಕ್ಕೆ ಮದ್ದು ಒಳ್ಳೆಯ ಹಾಸ್ಯವೇ, ಮೌನವಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಹತ್ತು ಸಾವಿರಕ್ಕೂ ಹೆಚ್ಚು ಪ್ರಯೋಗ ಕಂಡಿತು. ಲಂಚವೇನೂ ನಿಲ್ಲಲಿಲ್ಲವಲ್ಲ ಎಂದರೆ, ನಿಜ. ಪ್ರವಚನದಿಂದಲೂ ನಿಂತಿಲ್ಲ, ನಾಟಕದಲ್ಲಿ ಟಿಕೀಟಿನ ದುಡ್ಡಿಗೆ ನಗೆಯಾದರೂ ದಕ್ಕಿತು. ಈಗ ಮೊಬೈಲಿನಲ್ಲೇ ಬೇಕಾದಷ್ಟು ನಗೆಯಿದೆಯಲ್ಲ ಎಂಬುದು ಕಡೆಯ ವಾದ. ಮೊಬೈಲು ನಗಿಸುತ್ತದೆ, ಎದುರುತ್ತರ ಬೇಡುವುದಿಲ್ಲ. ಬೆಂಚಿನಲ್ಲಿ ಒಬ್ಬ ಬೀಸಿದ ಚಾಟಿಗೆ ಇನ್ನೊಬ್ಬ ಅಲ್ಲೇ ತಿರುಗೇಟು ಕೊಡಬೇಕು, ಮಾತು ಹರಿತವಾಗುವುದು ಆ ತಿರುಗೇಟಿನಲ್ಲಿ. ಗಡಿ ಕನ್ನಡ ಉಳಿಸಲು ಠರಾವು ಮಾಡುವವರು ಧಾರಾಳವಾಗಿ ಮಾಡಲಿ, ಜೊತೆಗೊಂದು ನಗೆನಾಟಕವನ್ನೂ ಇಟ್ಟುಕೊಳ್ಳಲಿ. ನಾಟಕ ಮಾತ್ರ ಠರಾವಿನ ನಂತರವೇ ಇರಲಿ. ಮೊದಲಿಟ್ಟರೆ ಠರಾವಿಗೆ ಕೈ ಎತ್ತಲು ಕುರ್ಚಿಗಳಷ್ಟೇ ಉಳಿದಾವು.