ಬರ್ತಾ ಕರಿಬೇವು ತನ್ನಿ

ಮೊನ್ನೆ ಅಕ್ಕನ ಮಗನ ಮದುವೆಯಲ್ಲಿ ಫೋಟೋದವನು ಮದುಮಗನನ್ನು ಮೂರು ಸಲ ಕಾಶಿಗೆ ಹೊರಡಿಸಿದ. ಮೊದಲ ಸಲ ಕೊಡೆ ಬಿಚ್ಚಲಿಲ್ಲ, ಎರಡನೇ ಸಲ ಡ್ರೋನ್ ಏಳಲಿಲ್ಲ. ಮಾವನಾಗುವವರು ಮೂರು ಸಲವೂ ಅದೇ ನಗೆ ನಕ್ಕು ತೆಂಗಿನಕಾಯಿ ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು. ನನ್ನದು ಒಂದೇ ಟೇಕು. ಆದರೆ ಎಷ್ಟು ಉದ್ದದ್ದು!

1996, ಅರಸೀಕೆರೆ. ಮದುವೆಗೆಂದು ನಾನು ಮಾಡಿಕೊಂಡಿದ್ದ ತಯಾರಿ ಎಂದರೆ ಕ್ಷೌರ. ಪುರೋಹಿತರು ಕೈಗೆ ಕೊಡೆ, ಬೆತ್ತ, ಭಗವದ್ಗೀತೆ ಕೊಟ್ಟು, ಹೆಗಲಿಗೆ ಅಕ್ಕಿ-ಬೇಳೆ ಗಂಟು ಇಳಿಬಿಟ್ಟು, “ಹೊರಡಿ, ಹಿಂದೆ ತಿರುಗಿ ನೋಡಬಾರದು” ಎಂದರು. ಹೊರಟೆ. ಬಾಗಿಲಲ್ಲಿ ತಡೆಯಬೇಕಾದ ಮಾವನವರು ಅದೇ ಗಳಿಗೆಯಲ್ಲಿ ಉಗ್ರಾಣದ ಬೀಗದ ಕೈ ಹುಡುಕುತ್ತಿದ್ದರಂತೆ. ನನಗೇನು ಗೊತ್ತು? ಗೇಟು ದಾಟಿದೆ. ಯಾರೂ ಕರೆಯಲಿಲ್ಲ. ವಾಲಗದವರೂ ಹಿಂದೆ ಉಳಿದರು. ಹೆಜ್ಜೆ ಸಣ್ಣದು ಮಾಡಿದೆ. ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೆ. ಸೈಕಲ್ ಅಂಗಡಿ ಹುಡುಗ ಪಂಪು ಹೊಡೆಯುವುದನ್ನು ಬಿಟ್ಟು ನೋಡಿದ. ಒಂದು ಹಸು ಅಕ್ಕಿಯ ವಾಸನೆ ಹಿಡಿದು ಹಿಂಬಾಲಿಸಿತು. ಹೆಣ್ಣಿನ ಕಡೆಯವರು ಯಾರೋ ಬಂದರಲ್ಲ ಎಂದು ಸಮಾಧಾನಪಟ್ಟೆ. ರೈಲ್ವೆ ಸ್ಟೇಷನ್ ತಿರುವಿನಲ್ಲಿ ಆಟೋದವನು, “ಎಲ್ಲಿಗೆ ಸಾರ್?” ಎಂದ.

“ಕಾಶಿಗೆ.”

“ವಾಪಸ್ ಖಾಲಿ ಬರ್ಬೇಕು ಸಾರ್, ಡಬಲ್ ಚಾರ್ಜ್ ಆಯ್ತದೆ.”

ಅಷ್ಟರಲ್ಲಿ ಮಾವನವರು ಓಡಿ ಬಂದರು. ಒಂದೇ ಕಾಲಿಗೆ ಚಪ್ಪಲಿ, ಕೈಯಲ್ಲಿ ತೆಂಗಿನಕಾಯಿ ಬದಲು ಬೀಗದ ಕೈ ಗೊಂಚಲು. ಹೇಳಬೇಕಾದ ಮಾತೆಲ್ಲ ಮರೆತು, ಏದುಸಿರಿನಲ್ಲಿ, “ಬನ್ನಿ, ಕಾಫಿ ಆರತ್ತೆ” ಎಂದರು. ವೈರಾಗ್ಯ ಅಲ್ಲಿಗೆ ಮುಗಿಯಿತು.

ಆಮೇಲಿನದು ಎಲ್ಲರ ಮನೆಯದ್ದೇ. ಬಾಡಿಗೆ ಮನೆ, ಮಗಳು, ಸಾಲ, ಸಕ್ಕರೆ ಕಾಯಿಲೆ. ಜಗಳವಾದಾಗಲೆಲ್ಲ ನಾನು ಆ ಕೊಡೆ ಎತ್ತಿಕೊಂಡು “ಕಾಶಿಗೆ ಹೊರಟೆ” ಎನ್ನುವುದು, ಅವಳು ಒಲೆಯಿಂದ ಮುಖ ಎತ್ತದೆ “ಬರ್ತಾ ಕರಿಬೇವು ತನ್ನಿ” ಎನ್ನುವುದು. ತರುತ್ತೇನೆ. ಒಗ್ಗರಣೆ ಚಟಪಟ ಅಂದರೆ ಜಗಳ ಮುಗಿದಂತೆ. ಫ್ರಿಜ್ಜಿನಲ್ಲಿ ಕರಿಬೇವು ಇದ್ದಾಗಲೂ ಹಾಗೇ ಹೇಳುತ್ತಾಳೆ ಎಂದು ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ಹೋದ ವರ್ಷ ನಿಜವಾಗಿ ಕಾಶಿಗೆ ಹೋದೆವು. ಸಂಘಮಿತ್ರ ರೈಲು, ಭಾವಮೈದನ ತೊಡೆಯ ಮೇಲೆ ಬಟ್ಟೆ ಸುತ್ತಿದ ಕುಡಿಕೆ. ಅಂದು ಒಂಟಿ ಚಪ್ಪಲಿಯಲ್ಲಿ ಓಡಿ ಬಂದು ತಡೆದವರೇ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕೇದಾರ ಘಾಟಿನ ಮೆಟ್ಟಿಲ ಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬಿಸಿಲಿತ್ತು. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದೆ.

ಕಾಶಿಯಲ್ಲಿ ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಲ್ಲ, ನಾನು ಹಾಗಲಕಾಯಿ ಬಿಟ್ಟೆ. ಅದರಲ್ಲಿನ ಮೋಸ ವಿಶ್ವನಾಥನಿಗೂ ಗೊತ್ತು, ಅವಳಿಗೂ ಗೊತ್ತು.

“ನೀನೇನು ಬಿಟ್ಟೆ?” ಎಂದೆ.

ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಿಮ್ಮನ್ನೇ ಬಿಡೋಣ ಅಂತಿದ್ದೆ. ಇಷ್ಟವಾದದ್ದನ್ನೇ ಬಿಡಬೇಕಂತೆ, ಅದಕ್ಕೇ ಯೋಚನೆ ಮಾಡ್ತಿದೀನಿ” ಎಂದವಳೇ ಮೆಟ್ಟಿಲು ಹತ್ತತೊಡಗಿದಳು. ತಿರುಗಿ ನೋಡಲಿಲ್ಲ. ಕೊಡೆ ಹಿಡಿದುಕೊಂಡು ಹಿಂದೆಯೇ ಹೋದೆ.